ವಾರಕ್ಕೊಂದು

ಅಂಬಿಕಾ ಬಾಗಿಲನ್ನು ಎರಡು ಸಲ ತಟ್ಟಿದಳು. ಒಳಗಿನಿಂದ ಉತ್ತರ ಬರಲಿಲ್ಲ. ಎರಡೇ ಸಲ ತಟ್ಟಬೇಕು, ಮೂರನೆಯದು ಅವಸರ ತೋರಿಸುತ್ತದೆ ಎಂದು ಕಾಲೇಜಿನಲ್ಲಿ ರಮೇಶ್ ಸರ್ ಬರೆಸಿದ್ದರು. ಉತ್ತರ ಬರದಿದ್ದರೆ ಏನು ಮಾಡಬೇಕೆಂದು ಬರೆಸಿರಲಿಲ್ಲ. ಫೈಲನ್ನು ಎಡಗೈಗೆ ಬದಲಾಯಿಸಿಕೊಂಡು ಅಲ್ಲೇ ನಿಂತಳು. ಹಿಂದೆ ಬೆಂಚಿನ ಮೇಲೆ ತನ್ನ ಸರದಿಗೆ ಕಾಯುತ್ತಿದ್ದ ಸಹಪಾಠಿ ಫಿಜಾ ಪಿಸುಗುಟ್ಟಿದಳು: “ಉಸಿರಾಡಾಕೂ ಪರ್ಮಿಶನ್ ಕೇಳ್ತೀಯೇನೇ? ತಳ್ಳು ಬಾಗ್ಲಾ.”

ಸಂದರ್ಶನಕ್ಕೆ ಕರೆದಿದ್ದ ಔಷಧಿ ಅಂಗಡಿಗಳ ಕಂಪನಿಗೆ ದಾವಣಗೆರೆಯಲ್ಲಿ ಮೂರು ಅಂಗಡಿ, ಜಿಲ್ಲೆಯಲ್ಲಿ ಒಟ್ಟು ಹನ್ನೊಂದು. ಸಂದರ್ಶನ ಆ ಮೂರರಲ್ಲೊಂದರ ಮಹಡಿಯ ಮೇಲೆ. ಖಾಲಿ ಇದ್ದದ್ದು ಹರಿಹರದ ಅಂಗಡಿಯ ಫಾರ್ಮಸಿಸ್ಟ್ ಹುದ್ದೆ. ಗುತ್ತೂರಿನ ಅವಳ ಮನೆಯಿಂದ ಸೈಕಲ್ಲಿನಲ್ಲೇ ಹೋಗಿ ಬರಬಹುದು. ಹಿಂದಿನ ಎರಡು ಸಂದರ್ಶನಗಳಲ್ಲಿ ಅವಳನ್ನು ಕೈಬಿಟ್ಟಿದ್ದರು. ಒಂದು ಕಡೆ ಕಾರಣ ಹೇಳಲಿಲ್ಲ. ಇನ್ನೊಂದು ಕಡೆ, ಭಾಷೆ ಸುಧಾರಿಸಿಕೊಳ್ಳಿ ಅಂದರು. ಅಪ್ಪ ಕಾಟಪ್ಪ ಗುತ್ತೂರಿನ ಹತ್ತಿರದ ಕಾರ್ಖಾನೆಯೊಂದರಲ್ಲಿ ಹತ್ತೊಂಬತ್ತು ವರ್ಷದಿಂದ ಗುತ್ತಿಗೆಯ ಮೇಲೆ ದುಡಿಯುತ್ತಿದ್ದ. ಗುತ್ತಿಗೆದಾರರು ನಾಲ್ವರು ಬದಲಾಗಿದ್ದರು, ಗೇಟಿನಲ್ಲಿ ಹಾಜರಿ ಹಾಕುವ ಸಾಲು ಬದಲಾಗಿರಲಿಲ್ಲ. ಆ ಮನೆಗೆ ಈವರೆಗೆ ಯಾವ ನೇಮಕಾತಿ ಪತ್ರವೂ ಬಂದಿರಲಿಲ್ಲ. ಈ ಸಲ ಬರಬೇಕಿತ್ತು.

ಅದಕ್ಕಾಗಿ ಅವಳು ರಮೇಶ್ ಸರ್ ಬರೆಸಿದ ಹದಿನೇಳು ನಿಯಮಗಳನ್ನೂ ಬಾಯಿಪಾಠ ಮಾಡಿದ್ದಳು. ಕುರ್ಚಿ ಎಳೆಯಬಾರದು, ಎತ್ತಿಡಬೇಕು. ಕೂತುಕೊಳ್ಳಿ ಅಂದ ಮೇಲೆ ಕೂರಬೇಕು, ಕೂತ ಮೇಲೆ ಥ್ಯಾಂಕ್ಯೂ ಅನ್ನಬೇಕು. ಕೈ ಮೇಜಿನ ಮೇಲೆ ಬರಬಾರದು. ದುಪಟ್ಟಾಕ್ಕೆ ಪಿನ್ನು, ನಗುವಿಗೆ ಅಳತೆ. ಕೇಳಿದ್ದಕ್ಕಷ್ಟೇ ಉತ್ತರ. ಎದುರಿನವರು ತಪ್ಪು ಹೇಳಿದರೆ ತಿದ್ದಬಾರದು. ರೋಗಿ ಎಂಬ ಪದ ಹದಿನೇಳರಲ್ಲಿ ಒಂದರಲ್ಲೂ ಇರಲಿಲ್ಲ. ಎಲ್ಲಕ್ಕಿಂತ ದೊಡ್ಡ ನಿಯಮವನ್ನು ಅವರು ಬೋರ್ಡಿಗೆ ಬೆನ್ನು ಕೊಟ್ಟು ನಿಂತು ಹೇಳಿದ್ದರು: “ನಿಮ್ಮ ಬಾಯಾಗ ಈ ‘ಐತೆ’ ಅನ್ನೋದು ಐತಲ್ಲ, ಅದನ್ನ ಗೇಟಿನ ಹೊರಗ ಬಿಟ್ಟು ಒಳಗ ಹೋಗ್ರಿ.” ಇಡೀ ಕ್ಲಾಸು ನಕ್ಕಿತ್ತು. ಯಾಕೆ ನಕ್ಕರೆಂದು ಅವರಿಗೆ ಕೊನೆಗೂ ತಿಳಿಯಲಿಲ್ಲ.

ಅಂಬಿಕಾ ಬಾಗಿಲು ತಳ್ಳಿದಳು. ಒಳಗೆ ಇಬ್ಬರಿದ್ದರು. ಹನ್ನೊಂದೂ ಅಂಗಡಿಗಳನ್ನು ನೋಡಿಕೊಳ್ಳುವ ಮ್ಯಾನೇಜರ್ ಶ್ರೀನಿವಾಸ ಫೋನಿನಲ್ಲಿದ್ದ. ನೇಮಕಾತಿ ನೋಡುವ ಪ್ರೇಮಲತಾ ಕಣ್ಣಲ್ಲೇ ಕುರ್ಚಿ ತೋರಿಸಿದಳು. ಕುರ್ಚಿ ಸದ್ದು ಮಾಡಲಿಲ್ಲ. ಥ್ಯಾಂಕ್ಯೂ ಸರಿಯಾದ ಜಾಗದಲ್ಲಿ ಬಂತು.

ಪ್ರಶ್ನೆಗಳು ಕಷ್ಟದವೇನೂ ಆಗಿರಲಿಲ್ಲ. ಇನ್ಸುಲಿನ್ ಎಲ್ಲಿಡಬೇಕು, ವೈದ್ಯರ ಚೀಟಿ ಇಲ್ಲದೆ ಯಾವುದನ್ನು ಕೊಡಬಾರದು, ಗಿರಾಕಿ ಜಗಳಕ್ಕೆ ಬಂದರೆ ಏನು ಮಾಡುತ್ತೀರಿ. ಆಮೇಲೆ ಪ್ರೇಮಲತಾ ಮೆಥೋಟ್ರೆಕ್ಸೇಟ್ ಬಗ್ಗೆ ಕೇಳಿದಳು. ಅದು ಕೀಲುಬಾವಿಗೆ ಕೊಡುವ ಸಣ್ಣ ಹಳದಿ ಗುಳಿಗೆ. ಏಳು ದಿನಕ್ಕೆ ಒಂದೇ ಒಂದು ನುಂಗಬೇಕು. ದಿನಾ ನುಂಗಿದರೆ ಅದೇ ವಿಷ. ಬಾಯೆಲ್ಲ ಹುಣ್ಣಾಗುತ್ತದೆ, ಮೈಯೊಳಗೆ ರಕ್ತ ಹುಟ್ಟುವುದೇ ನಿಲ್ಲುತ್ತದೆ. ಅಂಬಿಕಾ ಇಷ್ಟನ್ನೂ ಇಂಗ್ಲಿಷಿನಲ್ಲಿ ತಡವರಿಸದೆ ಹೇಳಿದಳು. ಶ್ರೀನಿವಾಸ ಫೋನು ಕೆಳಗಿಟ್ಟು, ಗಿರಾಕಿಗೆ ಹೇಳುವ ಹಾಗೆ ಕನ್ನಡದಲ್ಲಿ ಹೇಳಿ ಅಂದ.

“ಎಂಟು ದಿನಕ್ಕೊಮ್ಮೆ ಒಂದು ಗುಳಿಗೆ…” ಎಂದು ಶುರು ಮಾಡಿದಳು.

ಪ್ರೇಮಲತಾ ನಕ್ಕಳು. “ಎಂಟಾ? ವಾರಕ್ಕೆ ಎಷ್ಟು ದಿನ ಅಂಬಿಕಾ?”

“ಏಳು ಮೇಡಂ.”

“ಮತ್ತೆ ಫಾರ್ಮಸಿಸ್ಟೇ ಎಂಟು ಅಂದರೆ ಹೇಗೆ? ಇದು ಹಳ್ಳಿ ಲೆಕ್ಕ.” ಅವಳು ಅಂಗಡಿಯ ಗುಳಿಗೆ ಕವರೊಂದನ್ನು ಮೇಜಿನ ಮೇಲೆ ಇಟ್ಟಳು. ಹಸಿರು ಅಕ್ಷರದಲ್ಲಿ ಕಂಪನಿಯ ಹೆಸರು, ಅದರ ಕೆಳಗೆ ಕಂಪ್ಯೂಟರಿನಲ್ಲಿ ಮುದ್ರಿಸಿದ ಚೀಟಿ. ಓದಲು ಹೇಳಿದಳು. ಅಂಬಿಕಾ ಬೆನ್ನು ನೆಟ್ಟಗೆ ಮಾಡಿ ಓದಿದಳು: “ವಾರಕ್ಕೊಂದು. ಒಂದು ವಾರವೂ ಬಿಡದೆ ತೆಗೆದುಕೊಳ್ಳಿ.”

“ಗುಡ್. ಹೀಗೆ ಚೊಕ್ಕ ಇರಬೇಕು.”

ಇನ್ನೈದು ನಿಮಿಷದಲ್ಲಿ ಮುಗಿಯಿತು. ಸೋಮವಾರ ಹರಿಹರದ ಅಂಗಡಿಗೆ ಹೋಗಬೇಕು, ಪತ್ರಕ್ಕೆ ಸಹಿ ಹಾಕಿ ಈಗಲೇ ಕೊಡುತ್ತೇವೆ, ಕೆಳಗೆ ಕಾಯಿರಿ ಅಂದರು. ಬಾಗಿಲ ಹೊರಗೆ ಬಂದು ಅವಳು ಫಿಜಾಳ ಕೈಯನ್ನು ಒಮ್ಮೆ ಗಟ್ಟಿಯಾಗಿ ಹಿಸುಕಿ ಮೆಟ್ಟಿಲಿಳಿದಳು. ಕೊನೆಯ ಮೆಟ್ಟಿಲಲ್ಲಿ ನಿಂತು ಅಪ್ಪನಿಗೆ ಫೋನು ಮಾಡಬೇಕೆಂದುಕೊಂಡಳು. ಪತ್ರ ಕೈಗೆ ಬರಲಿ ಎಂದು ಸುಮ್ಮನಾದಳು.

ಕೆಳಗೆ ಕೌಂಟರಿನ ಮುಂದೆ ಒಬ್ಬ ಮುದುಕಿ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಇನ್ನೊಂದು ಕೈಯಲ್ಲಿ ಖಾಲಿಯಾದ ಗುಳಿಗೆ ಹಾಳೆ, ಮಾಸಿದ ಕವರು, ವೈದ್ಯರ ಚೀಟಿ. ಕೌಂಟರಿನ ಸಿದ್ದೇಶ್ ಚೀಟಿ ನೋಡಿ, ಹಿಂದಿನ ಕಪಾಟಿನಿಂದ ಅಂಥದ್ದೇ ಇನ್ನೊಂದು ಹಾಳೆ ತೆಗೆದು ಬಿಲ್ಲಿಗೆ ಕೈಹಾಕಿದ್ದ. ಹತ್ತು ಗುಳಿಗೆಯ ಹಾಳೆ. ಅಂಬಿಕಾ ಅದರ ಮೇಲಿನ ಹೆಸರು ಓದಿದಳು: ಮೆಥೋಟ್ರೆಕ್ಸೇಟ್. ಮುದುಕಿಯ ಕವರಿಗೆ ಪಿನ್ನು ಮಾಡಿದ್ದ ಹಳೆಯ ಬಿಲ್ಲಿನ ತಾರೀಖನ್ನೂ ಓದಿದಳು. ಹನ್ನೊಂದು ದಿನದ ಹಿಂದಿನದು.

ಹತ್ತು ಗುಳಿಗೆ ಹತ್ತು ವಾರ ಬರಬೇಕಿತ್ತು.

“ಯಾವೂರವ್ವಾ?” ಎಂದು ಕೇಳಿದಳು.

ಲೋಕಿಕೆರೆ, ಹೆಸರು ಚೌಡವ್ವ ಎಂದು ಮುದುಕಿ ಸೆರಗಿನೊಳಗಿಂದಲೇ ಹೇಳಿದಳು. ಮಾತು ನಾಲಿಗೆಗೆ ತಾಗಿ ನೋಯುತ್ತಿತ್ತು. ಬಾಯಿ ತೋರಿಸು ಅಂದಾಗ ಸೆರಗು ತೆಗೆದಳು. ತುಟಿಯ ಒಳಮೈ ಬಿಳಿಚಿಕೊಂಡು ಸುಲಿದಿತ್ತು. ಎಲ್ಲೂ ಬಿದ್ದಿಲ್ಲ ಅಂದಳು, ಆದರೂ ಮೊಣಕೈ ಮೇಲೆ ನೀಲಿ ಕಲೆಗಳಿದ್ದವು.

“ಈ ಗುಳಿಗೆ ಹೆಂಗೆ ನುಂಗಿದಿ?”

“ಹೆಂಗೆ ಬರದಾರೋ ಹಂಗೇ. ಮೊಮ್ಮಗಳು ಓದಿದ್ಲು. ಸೋಮಾರಕ್ಕೊಂದು, ಮಂಗ್ಳಾರಕ್ಕೊಂದು, ಬುಧವಾರಕ್ಕೊಂದು…” ಚೌಡವ್ವ ಉಗುಳು ನುಂಗಲಾರದೆ ನಿಲ್ಲಿಸಿ, ಮತ್ತೆ ಹೇಳಿದಳು. “ಒಂದ್ ವಾರನೂ ಬಿಟ್ಟಿಲ್ಲ ತಾಯಿ. ಗಂಜಿ ಬಿಟ್ಟೀನಿ, ಗುಳಿಗಿ ಬಿಟ್ಟಿಲ್ಲ.”

ಅಂಬಿಕಾ ಕವರನ್ನು ಕೈಗೆ ತೆಗೆದುಕೊಂಡು ಅದರ ಚೀಟಿ ನೋಡಿದಳು. ಹತ್ತು ನಿಮಿಷದ ಹಿಂದೆ ತಾನು ಚೊಕ್ಕವಾಗಿ ಓದಿದ್ದ ಅದೇ ವಾಕ್ಯ. ಮನೆಯಲ್ಲಿ ಅವ್ವ ಉಚ್ಚೆಂಗೆಮ್ಮ ‘ಇವತ್ತು ನಮ್ಮ ವಾರ’ ಅಂದರೆ ಅದು ಮಂಗಳವಾರ, ಒಪ್ಪತ್ತು ಇರುವ ದಿನ. ಪಕ್ಕದ ಮನೆಯವರ ವಾರ ಸೋಮವಾರ. ವಾರ ಅಂದರೆ ಒಂದು ದಿನ. ಏಳು ದಿನದ ಸುತ್ತಿಗೆ ಅವ್ವ ಎಂಟು ದಿನ ಅಂತಲೇ ಅನ್ನುತ್ತಿದ್ದಳು. ಸಂತೆ ಎಂಟು ದಿನಕ್ಕೊಮ್ಮೆ, ಕೂಲಿ ಬಟವಾಡೆ ಎಂಟು ದಿನಕ್ಕೊಮ್ಮೆ. ಆ ಲೆಕ್ಕದಲ್ಲಿ ಯಾರೂ ಒಂದು ದಿನವೂ ತಪ್ಪಿದ್ದಿಲ್ಲ.

“ಎಂಟು ದಿನಕ್ಕೊಮ್ಮೆ ಒಂದು ಅಂತ ಹೇಳಿದ್ರೆ?” ಎಂದಳು.

ಚೌಡವ್ವ ಅವಳ ಮುಖವನ್ನೇ ನೋಡಿದಳು. “ಹಂಗಂತ ಯಾರು ಹೇಳಿದ್ರವ್ವಾ?”

ಅಂಬಿಕಾ ಸಿದ್ದೇಶನ ಕೈಯಿಂದ ಹೊಸ ಹಾಳೆ ತೆಗೆದುಕೊಂಡು ಪಕ್ಕಕ್ಕಿಟ್ಟಳು. ಇದನ್ನು ಕೊಡಬಾರದು, ಈಗಲೇ ದೊಡ್ಡಾಸ್ಪತ್ರೆಗೆ ಕರೆದೊಯ್ಯಬೇಕು, ರಕ್ತ ನೋಡಬೇಕು ಅಂದಳು. ಸಿದ್ದೇಶ್ ಎಂಟು ವರ್ಷ ಆ ಕೌಂಟರಿನಲ್ಲಿ ನಿಂತವನು, ಫಾರ್ಮಸಿ ಓದಿದವನಲ್ಲ. “ಮೇಡಂ, ನಿಮ್ಮ ಡ್ಯೂಟಿ ಸೋಮವಾರದಿಂದ,” ಅಂದ. ಅವನ ದನಿಯಲ್ಲಿ ಕುಹಕಕ್ಕಿಂತ ಹೆದರಿಕೆಯೇ ಹೆಚ್ಚಿತ್ತು. ಗೋಡೆಯ ಮೇಲೆ ಗಾಜಿನ ಚೌಕಟ್ಟಿನಲ್ಲಿ ಯಾರದೋ ಫಾರ್ಮಸಿಸ್ಟ್ ಸರ್ಟಿಫಿಕೇಟ್ ಇತ್ತು. ಅದರ ಒಡೆಯರು ಯಾರೆಂದು, ಯಾವಾಗ ಬರುತ್ತಾರೆಂದು ಅವಳು ಕೇಳಿದಳು. ಅವನು ಮೆಟ್ಟಿಲ ಕಡೆ ನೋಡಿದ.

ಶ್ರೀನಿವಾಸ ಇಳಿದು ಬರುತ್ತಿದ್ದ. ಕೈಯಲ್ಲಿ ಮೂರು ಮಡಿಕೆಯ ಬಿಳಿ ಹಾಳೆ, ಅವಳ ನೇಮಕಾತಿ ಪತ್ರ. ವಿಷಯ ಕೇಳಿ ಅವನು ಗಾಬರಿಯಾಗಲಿಲ್ಲ. ಚೌಡವ್ವನಿಗೆ ಕೂತುಕೊಳ್ಳಲು ಸ್ಟೂಲು ಕೊಡಿಸಿದ. ಬಾಯಿಗೆ ಹಚ್ಚುವ ಮುಲಾಮು ಕೊಡಲು ಹೇಳಿದ. ಗುಳಿಗೆ ನಿಲ್ಲಿಸಿ, ನಾಲ್ಕು ದಿನ ಬಿಟ್ಟು ಡಾಕ್ಟರಿಗೆ ತೋರಿಸಿ ಎಂದು ಜೋರಾಗಿ, ಕಿವುಡರಿಗೆ ಹೇಳುವಂತೆ ಹೇಳಿದ. ಆಮೇಲೆ ಅಂಬಿಕಾಳನ್ನು ಫ್ರಿಜ್ಜಿನ ಪಕ್ಕಕ್ಕೆ ಕರೆದ.

“ನೋಡಮ್ಮ, ಒಳಗಿನವರು ಒಳಗಿನ ಮಾತು ಗಿರಾಕಿ ಮುಂದೆ ಆಡೋದಿಲ್ಲ. ಇದೂ ಒಂದು ಎಟಿಕೆಟ್ಟೇ. ನಿಮ್ಮ ಕಾಲೇಜಿನಲ್ಲಿ ಕಲಿಸಿರ್ಬೇಕಲ್ಲ?”

“ನಾಲ್ಕು ದಿನ ಕಾಯೋ ಹಾಗಿಲ್ಲ ಸರ್. ನಾನೇ ಆಸ್ಪತ್ರೆಗೆ ಕರ್ಕೊಂಡು ಹೋಗ್ತೀನಿ. ಏನಾಗಿದೆ ಅಂತ ಅಲ್ಲಿನ ಡಾಕ್ಟರಿಗೆ ಬರೆದುಕೊಡಬೇಕು.”

ಕರೆದುಕೊಂಡು ಹೋಗಲು ಅವನ ತಕರಾರಿರಲಿಲ್ಲ. ಆಟೋ ಕರೆಸುತ್ತೇನೆ ಎಂದೂ ಅಂದ. ಆದರೆ ಬರೆಯುವುದೇನೂ ಬೇಡ, ಗಿರಾಕಿ ತಪ್ಪು ತಿಳಿದುಕೊಂಡಳು ಎಂದು ಬಾಯಲ್ಲಿ ಹೇಳಿದರೆ ಸಾಕು. ಕವರು ಮಾತ್ರ ಇಲ್ಲೇ ಇರಲಿ. ಅವನು ಕೈ ಚಾಚಿದ.

ಅಂಬಿಕಾ ಕವರು ಕೊಡಲಿಲ್ಲ. ಹನ್ನೊಂದೂ ಅಂಗಡಿಗಳಲ್ಲಿ ಇದೇ ಚೀಟಿ ಅಂಟಿಸುತ್ತಾರಾ ಎಂದು ಕೇಳಿದಳು.

“ಓದೋಕೆ ಬರದವರು ಮಾಡಿಕೊಂಡ ತಪ್ಪಿಗೆ ಕಂಪನಿ ಏನು ಮಾಡುತ್ತೆ?”

“ಅವರು ಸರಿಯಾಗೇ ಓದ್ಯಾರೆ ಸರ್,” ಎಂದಳು. “ಬರದದ್ದೇ ಹಂಗೈತೆ.”

ಬಾಯಿಂದ ಬಂದ ಮೇಲೆ ಅದನ್ನು ಅವಳು ತಿದ್ದಿಕೊಳ್ಳಲಿಲ್ಲ. ಶ್ರೀನಿವಾಸ ಕೈಯಲ್ಲಿದ್ದ ಹಾಳೆಯನ್ನು ಇನ್ನೊಂದು ಮಡಿಕೆ ಮಡಿಸಿದ. ನೀವೇ ಯೋಚಿಸಿ ಅಂದ. ಸಿಟ್ಟಿರಲಿಲ್ಲ, ಇಂಥ ಹಾಳೆಗಳನ್ನು ಅವನು ದಿನಾ ಬರೆಯುತ್ತಿದ್ದ, ದಿನಾ ಮಡಿಸುತ್ತಿದ್ದ. ಅಂಬಿಕಾ ಕೌಂಟರಿನ ಮೇಲೆ ಫೈಲು ಬಿಚ್ಚಿ, ತನ್ನ ಬಯೋಡೇಟಾದ ಒಂದು ಪ್ರತಿಯನ್ನು ಬೋರಲು ಹಾಕಿ, ಖಾಲಿ ಬೆನ್ನಿನ ಮೇಲೆ ಬರೆಯತೊಡಗಿದಳು. ಔಷಧಿಯ ಹೆಸರು, ಗುಳಿಗೆಯ ಬಲ, ಹತ್ತು ದಿನದಲ್ಲಿ ಹತ್ತು, ಕೊನೆಯದು ನಿನ್ನೆ ಮುಂಜಾನೆ. ಬಾಯಲ್ಲಿ ಹುಣ್ಣು, ತೋಳಲ್ಲಿ ಕಲೆ. ಕವರಿನ ಮೇಲಿನ ವಾಕ್ಯವನ್ನು ಇದ್ದದ್ದು ಇದ್ದ ಹಾಗೆ. ಅಂಗಡಿಯ ಹೆಸರು. ಕೊನೆಗೆ ತನ್ನ ಹೆಸರು, ನೋಂದಣಿ ಸಂಖ್ಯೆ, ಸಹಿ. ಆ ಸಂಖ್ಯೆಯನ್ನು ಅವಳು ಅರ್ಜಿಗಳಲ್ಲಿ ಬಿಟ್ಟರೆ ಬೇರೆಲ್ಲೂ ಬರೆದದ್ದು ಅದೇ ಮೊದಲು.

ಶ್ರೀನಿವಾಸ ಮಡಿಸಿದ ಹಾಳೆಯನ್ನು ಅಂಗಿಯ ಜೇಬಿಗಿಟ್ಟುಕೊಂಡು ಮೆಟ್ಟಿಲು ಹತ್ತಿದ. ಆಟೋ ಕರೆಸಲಿಲ್ಲ. ಅಂಬಿಕಾ ಚೌಡವ್ವನ ರಟ್ಟೆ ಹಿಡಿದು ರಸ್ತೆಗೆ ಇಳಿಸುವಾಗ ಸಿದ್ದೇಶನೇ ಹೊರಗೆ ಬಂದು ಒಂದು ಆಟೋ ನಿಲ್ಲಿಸಿ ಒಳಗೆ ಹೋದ.

ಆಟೋದಲ್ಲಿ ಚೌಡವ್ವ ಒಂದೇ ಮಾತು ಕೇಳಿದಳು. “ನನ್ನ ದೆಸಿಯಿಂದ ನಿಂಗೇನಾರ ತೊಂದ್ರಿ ಆತೇನವ್ವಾ?”

“ಇಲ್ಲಬೇ. ನೀ ಮಾತಾಡಬ್ಯಾಡ, ಬಾಯಿ ನೋಯ್ತೈತಿ.”

ದೊಡ್ಡಾಸ್ಪತ್ರೆಯಲ್ಲಿ ಡಾಕ್ಟರು ಅವಳು ಬರೆದದ್ದನ್ನು ಎರಡು ಸಲ ಓದಿದರು. ಹತ್ತೂ ತಿಂದರಾ ಎಂದು ಕೇಳಿದರು. ಹತ್ತೂ ಅಂದಳು. ರಕ್ತ ತೆಗೆಯಲು ನರ್ಸಿಗೆ ಹೇಳಿ, ಇವತ್ತೇ ದಾಖಲು ಮಾಡಿ ಎಂದು ಬರೆದು, ಕವರನ್ನೂ ಅವಳ ಹಾಳೆಯನ್ನೂ ಕೇಸ್ ಶೀಟಿಗೆ ಸೇರಿಸಿ ಪಿನ್ನು ಹೊಡೆದರು. ಚೌಡವ್ವನ ಮಗನಿಗೆ ಫೋನು ಹೋಗಿತ್ತು, ಅವನು ಲೋಕಿಕೆರೆಯಿಂದ ಬರಲು ಒಂದು ತಾಸಾದರೂ ಬೇಕಿತ್ತು.

ಕಾರಿಡಾರಿನಲ್ಲಿ ನಿಂತಿದ್ದಾಗ ಫಿಜಾಳ ಸಂದೇಶ ಬಂತು. ಹರಿಹರದ ಅಂಗಡಿಗೆ ಸೋಮವಾರ ನನಗೆ ಬಾ ಅಂದರು, ಸಿಟ್ಟಾಗಬ್ಯಾಡ, ಮನೆಯಲ್ಲಿ ಹೆಂಗೈತೆ ಅಂತ ನಿನಗೆ ಗೊತ್ತಲ್ಲ, ಎಂದು ಬರೆದಿದ್ದಳು. ಅಂಬಿಕಾ ಅದನ್ನು ಓದಿ ಸ್ವಲ್ಪ ಹೊತ್ತು ಗೋಡೆಗೆ ಒರಗಿದಳು. ಆಮೇಲೆ ಬೆರಳಾಡಿಸಿದಳು: ‘ಹೋಗು. ಕವರ್ ಮ್ಯಾಲೆ ಏನ್ ಬರದೈತೆ, ಒಂದೊಂದೂ ಓದಿ ಕೊಡು.’

ದಾಖಲಾತಿಯ ಕಿಟಕಿಯಲ್ಲಿ ಗುಮಾಸ್ತರು ಚೌಡವ್ವನ ಹೆಸರು, ಊರು, ವಯಸ್ಸು ಕೇಳಿ ಬರೆದುಕೊಂಡರು. ಜೊತೆಗೆ ಬಂದವರ ಹೆಸರು ಕೇಳಿದರು. ಅಂಬಿಕಾ ಹೇಳಿದಳು.

“ಸಂಬಂಧ? ಮಗಳಾ, ಮೊಮ್ಮಗಳಾ?”

“ಯಾರೂ ಅಲ್ರಿ. ಫಾರ್ಮಸಿಸ್ಟು.”

ಗುಮಾಸ್ತರು ತಲೆಯೆತ್ತಿ ನೋಡಿದರು. ಅಂಥದ್ದನ್ನು ಅಲ್ಲಿ ಹೆಂಗೆ ಬರೆಯೋದು ಎಂದು ಗೊಣಗಿ, ನೀವೇ ಬರೀರಿ ಎಂದು ರಿಜಿಸ್ಟರನ್ನು ಕಿಟಕಿಯ ಈಚೆಗೆ ತಿರುಗಿಸಿ ದಾರ ಕಟ್ಟಿದ ಪೆನ್ನು ಕೊಟ್ಟರು. ಹಿಂದೆ ಸಾಲು ಬೆಳೆಯುತ್ತಿತ್ತು. ಮೇಲಿನ ಸಾಲುಗಳಲ್ಲೆಲ್ಲ ಮಗ, ಸೊಸೆ, ಗಂಡ, ತಾಯಿ ಎಂದಿತ್ತು. ಎರಡು ಮೂರು ಅಕ್ಷರಕ್ಕೆಂದೇ ಗೆರೆ ಎಳೆದ ಕಿರಿದಾದ ಕಾಲಂ ಅದು. ಅವಳು ದಾರವನ್ನು ಸಡಿಲ ಮಾಡಿಕೊಂಡು ನಿಧಾನವಾಗಿ ಬರೆದಳು. ಪದ ಅಲ್ಲಿ ಹಿಡಿಸಲಿಲ್ಲ. ಕೊನೆಯ ಎರಡು ಅಕ್ಷರ ಗೆರೆ ದಾಟಿ ಕೆಳಗಿನ ಖಾಲಿ ಸಾಲಿಗೆ ಇಳಿದವು.