ಹೆಸರಿಲ್ಲದ ಬಟನ್‌ಗಳು

ಅಕ್ಕನಿಗೆ ಕಣ್ಣು ಕಾಣುತ್ತಿರಲಿಲ್ಲ. ಆದರೂ ಹದಿನಾಲ್ಕು ವರ್ಷದಿಂದ ಆಸ್ಪತ್ರೆಯ ಫೋನ್ ಮೇಜಿಗೆ ಅವಳೇ ಯಜಮಾನಿ. ಪರದೆಯಲ್ಲಿದ್ದದ್ದನ್ನು ಕಂಪ್ಯೂಟರ್ ಅವಳ ಕಿವಿಯಲ್ಲಿ ಓದುತ್ತಿತ್ತು, ಅವಳು ಕೀಲಿ ಒತ್ತಿ ರೋಗಿಗಳಿಗೆ ಡಾಕ್ಟರ ಸಮಯ ಕೊಡುತ್ತಿದ್ದಳು.

ಪರದೆಯ ಆ ಪುಟಗಳನ್ನು ಹೊಸದಾಗಿ ಕಟ್ಟುವ ಕೆಲಸ ಅವಳ ತಮ್ಮನಿಗೇ ಸಿಕ್ಕಿತು. ಅವನ ಮುಂದೆ ಎರಡು ಫ್ರೇಮ್‌ವರ್ಕ್, ಅಂದರೆ ಪುಟ ಕಟ್ಟುವ ಸಿದ್ಧ ಚೌಕಟ್ಟುಗಳು, ಇದ್ದವು. ಒಂದು ಹಳೆಯದು, ನೋಡಲು ಸಪ್ಪೆ. ಆದರೆ ಅದರಲ್ಲಿ ಪ್ರತಿ ಬಟನ್ನೂ ತನ್ನ ಹೆಸರು ಹೇಳುತ್ತಿತ್ತು. ಇನ್ನೊಂದು ಹೊಚ್ಚಹೊಸದು, ಥಳಕಿನದು. ತಮ್ಮ ಥಳಕಿಗೆ ಮರುಳಾದ.

ಅಕ್ಕ ಹೊಸದನ್ನು ಒಮ್ಮೆ ಒತ್ತಿ ನೋಡಿದಳು. "ಬಟನ್, ಬಟನ್, ಬಟನ್ ಅಂತಷ್ಟೇ ಅನ್ನುತ್ತೆ ಕಣೋ. ಯಾವುದು ಯಾವುದಕ್ಕೆ ಅಂತ ಗೊತ್ತಾಗಲ್ಲ. ಇದು ಬಂದ್ರೆ ನನ್ನ ಕೆಲಸಕ್ಕೆ ಕಲ್ಲು ಬಿತ್ತು."

"ಹೆಸರೆಲ್ಲ ಆಮೇಲೆ ಹಾಕ್ತೀನಿ ಅಕ್ಕ. ನಾಳೆ ಮ್ಯಾನೇಜರ್ ಮುಂದೆ ಮಾಡಿ ತೋರಿಸೋಕೆ ನೀನೇ ಕೂತ್ಕೋ. ಸುಮ್ನೆ ಕೀಲಿ ಒತ್ತು, ನಿನ್ನ ಹಿಂದೆ ನಿಂತು ಮೌಸ್ ನಾನು ಆಡಿಸ್ತೀನಿ. ನನ್ನ ಮಾನ ಉಳಿಸು."

ತಾನೇ ಎತ್ತಿ ಆಡಿಸಿ ಬೆಳೆಸಿದ ತಮ್ಮನಲ್ಲವೇ. ನಂಬಿದಳು.

ಮರುದಿನ ಅವಳು ಬಾಯಿಗೆ ಬಂದ ಹಾಗೆ ಅಲ್ಲ, ಬೆರಳಿಗೆ ಬಂದ ಹಾಗೆ ಒತ್ತಿದಳು. ಕಿವಿಯೊಳಗೆ ಬಟನ್, ಬಟನ್, ಹೊರಗೆ ಚಪ್ಪಾಳೆ. "ಕಣ್ಣಿಲ್ಲದವರೂ ಎಷ್ಟು ಸಲೀಸಾಗಿ ಮಾಡ್ತಾರೆ ನೋಡಿ!" ಎಂದು ಮ್ಯಾನೇಜರ್ ಹಿಗ್ಗಿದರು. ಹೊಸದೇ ಗೆದ್ದಿತು.

ಹೆಸರು ಹಾಕುವ 'ಆಮೇಲೆ' ಬರಲೇ ಇಲ್ಲ. ಅಕ್ಕ ಒಬ್ಬ ರೋಗಿಯ ಸಮಯ ಅಳಿಸಿದಳು, ಇನ್ನೊಬ್ಬನನ್ನು ಹೆರಿಗೆ ವಾರ್ಡಿಗೆ ಕಳಿಸಿದಳು. ದೂರು ಹೇಳಲು ಹೋದರೆ ಮ್ಯಾನೇಜರ್ ಕೇಳಿದರು: "ಅವತ್ತು ನೀವೇ ಮಾಡಿ ತೋರಿಸಿದ್ರಲ್ಲ? ಈಗ ಸೋಮಾರಿತನವಾ?"

ನಿಜ ಹೇಳಿದರೆ ತಮ್ಮನ ಅನ್ನ ಹೋಗುತ್ತದೆ. ಅವಳು ಬಾಯಿ ಬಿಡಲಿಲ್ಲ. ಪಕ್ಕದಲ್ಲೇ ನಿಂತಿದ್ದ ತಮ್ಮನೂ ಬಿಡಲಿಲ್ಲ. ಅಂಥವನನ್ನು ಹೆತ್ತ ಹೊಟ್ಟೆ ತಣ್ಣಗಿರಲಿ!

ತಪ್ಪುಗಳು ಹೆಚ್ಚಿ ಕೊನೆಗೆ ಅವಳೇ ಕೆಲಸ ಬಿಡಬೇಕಾಯಿತು. ರಾಜೀನಾಮೆಯನ್ನೂ ಆ ಹೊಸ ಪುಟದಲ್ಲೇ ಕೊಡಬೇಕಿತ್ತು. ಅಕ್ಕ ಕೀಲಿ ಒತ್ತಿದಳು. ಬಟನ್, ಬಟನ್, ಬಟನ್.

"ಯಾವುದೋ ಅದು?" ಎಂದಳು.

ತಮ್ಮ ಅವಳ ಬೆರಳು ಹಿಡಿದು ಮೌಸಿನ ಮೇಲಿಟ್ಟ, ಸರಿಯಾದ ಜಾಗಕ್ಕೆ ತಂದು ಒತ್ತಿಸಿದ. "ಇದೇ ಅಕ್ಕ. ನೋಡಿದ್ಯಾ, ಎಷ್ಟು ಸುಲಭ."