ಒಂದು ಸೀಟಿಗೆ ಮುರಿದ ಬೀಗತನ

ಶಿಗ್ಗಾಂವಿ ಉಪಚುನಾವಣೆಯ ಫಲಿತಾಂಶ ಬಂದ ಮರುದಿನವೇ ಹಿರೇಕೆರೂರಿನಿಂದ ಬೀಗರು ಬಂದರು. ಬೀಗರೆಂದರೆ ಇನ್ನೂ ಆಗಬೇಕಾದವರು. ಹತ್ತಿ ದಲಾಲಿ ಶಿದ್ಲಿಂಗಪ್ಪನ ಮಗನಿಗೆ ಗುದ್ಲೆಪ್ಪನ ಮಗಳು ಮಾದೇವಿಯನ್ನು ಕೊಡುವುದೆಂದು ಮಾತಾಗಿ, ಹೆಣ್ಣಿನ ಊರು ಹಿರೇಬೆಂಡಿಗೇರಿಗೆಲ್ಲ ಸಕ್ಕರೆ ಹಂಚಿಯಾಗಿತ್ತು. ಗುದ್ಲೆಪ್ಪ ಆಳುವ ಪಕ್ಷದ ಹಳೆಯ ಆಳು. ಮಂತ್ರಿ ಬಂದರೆ ಅವನ ಕಟ್ಟೆಯ ಮೇಲೇ ಚಹಾ. ಶಿದ್ಲಿಂಗಪ್ಪ ಹುಡುಗಿಯನ್ನು ನೋಡಿದ್ದಕ್ಕಿಂತ ಆ ಕಟ್ಟೆಯನ್ನು ನೋಡಿದ್ದೇ ಹೆಚ್ಚು.

"ಸಿಟ್ಟಾಗಬ್ಯಾಡ್ರಿ ಗುದ್ಲೆಪ್ಪನವರ. ನಿಮ್ಮ ಪಕ್ಷ ಸೋತೈತಿ, ಸರ್ಕಾರ ಇನ್ನ ಮುಗೀತು ಅಂತ ಪೇಪರಿನ್ಯಾಗ ಬರದಾರ. ನಮ್ಮದು ವ್ಯಾಪಾರದ ಮನಿ. ಈ ಮಾತು ಇಲ್ಲಿಗೇ ಬಿಡೂಣ್ರಿ."

"ಒಂದು ಸೀಟು ಹೋದ್ರ ಸರ್ಕಾರ ಹೋಗತೈತೇನ್ರಿ? ಬಿತ್ತಿಗಿ ದಿನ, ಅರ್ಧ ಮಂದಿ ಓಟಿಗೇ ಬಂದಿಲ್ಲ..." ಗುದ್ಲೆಪ್ಪ ಹೇಳುತ್ತಲೇ ಇದ್ದ. ಶಿದ್ಲಿಂಗಪ್ಪ ಆಗಲೇ ಚಪ್ಪಲಿ ಮೆಟ್ಟಿದ್ದ.

ಗುದ್ಲೆಪ್ಪ ಹುಲಗೂರಿನ ಗೆಳೆಯ ಇಸ್ಮಾಯಿಲಸಾಬನ ಚಹಾದಂಗಡಿಗೆ ಹೋಗಿ ಕುಂತ. "ನೀನೂ ನಮಗ ಹಾಕ್ಲಿಲ್ಲೇನೋ?"

"ಇಲ್ಲೋ ಮಾರಾಯ. ಬೋರಿಂಗ್ ಕೆಟ್ಟು ಆರು ತಿಂಗಳಾತು, ಯಾರರ ಬಂದು ನೋಡ್ಯಾರೇನು? ಸರ್ಕಾರ ಬೀಳಂಗಿಲ್ಲ ಅಂತ ಗೊತ್ತಿತ್ತು, ಅದಕ್ಕ ಒಮ್ಮೆ ಚೂಟಿದ್ವಿ. ದೊಡ್ಡ ಇಲೆಕ್ಷನ್ ಬರ್ಲಿ, ನಿಮಗ ಹಾಕ್ತೇವಿ. ಗಂಡನ ಮ್ಯಾಲೆ ಸಿಟ್ಟಾಗಿ ತವರಿಗೆ ಹೋದಾಕಿ ಗಂಡನ್ನ ಬಿಡಾಕ ಸೋಡಚೀಟಿ ಬೇಡ್ತಾಳೇನು?"

"ನೀವು ಚೂಟಿದ್ದು ನನ್ನ ಮಗಳಿಗೆ ಬಿತ್ತಲ್ಲೋ," ಎಂದ ಗುದ್ಲೆಪ್ಪ.

ಸಕ್ಕರೆ ಹಂಚಿದ ಮೇಲೆ ಮದುವೆ ಮುರಿದ ಹುಡುಗಿ ಎಂದರೆ ಊರ ಬಾಯಿಗೆ ಬೀಗ ಹಾಕುವವರು ಯಾರು? ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿಂದು ಹೋದರು, ತಿರುಗಿ ಸುದ್ದಿ ಕಳಿಸಲಿಲ್ಲ. ಗುದ್ಲೆಪ್ಪ ದಣಿದುಬಿಟ್ಟ. ದೊಡ್ಡ ಚುನಾವಣೆಗೂ ಬರೀ ರೂಢಿಯಿಂದ ಬಾವುಟ ಹಿಡಿದು ತಿರುಗಿದ.

ಅದೇ ಪಕ್ಷ ಮತ್ತೆ ಅಧಿಕಾರಕ್ಕೆ ಬಂತು. ಶಿಗ್ಗಾಂವಿಯಲ್ಲೂ ಜನ ಕೈತುಂಬ ಓಟು ಹಾಕಿದ್ದರು. ಸರ್ಕಾರ ಮುಗಿಯಿತೆಂದು ಬರೆದಿದ್ದ ಪೇಪರಿನವರು ತಮ್ಮ ಮಾತನ್ನು ನುಂಗಿ ನೀರು ಕುಡಿದರು. ವಾರದೊಳಗೆ ಶಿದ್ಲಿಂಗಪ್ಪ ಹಣ್ಣು, ಸೀರೆ ಹಿಡಿದು ಬಂದು ಕಟ್ಟೆಯ ಮೇಲೆ ಕುಂತ.

"ಆಗಿದ್ದು ಆಗಿಹೋತ್ರಿ ಬೀಗರ. ಬರೋ ತಿಂಗಳ ಮದುವಿ ಮಾಡಿ ಅಕ್ಕಿಕಾಳು ಹಾಕಿಬಿಡೂಣು."

ಬಾಗಿಲ ಸಂದಿಯಿಂದ ಹೆಂಡತಿ ಸುಶೀಲವ್ವ 'ಹೂಂ ಅನ್ರಿ' ಎಂದು ಕೈಸನ್ನೆ ಮಾಡಿದಳು. ಗುದ್ಲೆಪ್ಪನಿಗೂ ಸಾಕಾಗಿತ್ತು, ಹೂಂ ಅನ್ನುವುದರಲ್ಲಿದ್ದ. ಅಷ್ಟರಲ್ಲಿ ಮಾದೇವಿ ಹೊರಗೆ ಬಂದಳು.

"ಅಪ್ಪಾ, ಒಂದು ಸೀಟು ಹೋಗಿದ್ದಕ್ಕ ಬಿಟ್ಟು ಓಡಿದವರು ಇವರು. ನಾಳೆ ನಾ ಜಡ್ಡಾಗಿ ಮಲಗಿದ್ರ ಏನು ಮಾಡ್ತಾರ, ಕೇಳು."

"ಹಂಗೆಲ್ಲಾ ಅಪಶಕುನ ನುಡೀಬಾರದವ್ವ," ಎಂದು ಶಿದ್ಲಿಂಗಪ್ಪ ನಕ್ಕ.

"ಹುಡುಗಿ ಕೇಳಿದ್ದಕ್ಕ ಜವಾಬು ಹೇಳ್ರಿ," ಎಂದ ಗುದ್ಲೆಪ್ಪ.

ಶಿದ್ಲಿಂಗಪ್ಪ ಓಣಿಯತ್ತ ನೋಡುತ್ತ ಕುಂತ. ಒಳಗೆ ಸುಶೀಲವ್ವ ಅಳುವುದು ಕೇಳಿಸಿತು. ಗುದ್ಲೆಪ್ಪನಿಗೂ ಅಳು ಬಂತು. ಆದರೂ ಎದ್ದು, ಸೀರೆಯನ್ನು ಎತ್ತಿ ಬೀಗನ ಕೈಗೇ ಇಟ್ಟ.