ಫುಕಟ್ ಸಿಂಥಿನ ಸಹವಾಸ

ಸಕ್ಕರೆ ಕಾಯಿಲೆ ವಸಡನ್ನು ಸಡಿಲ ಮಾಡಿ, ಮುಂದಿನ ಐದು ಹಲ್ಲು ಕೀಳಿಸಿಕೊಂಡ ಮೇಲೆ ಖಲಂದರನ ಬಾಯಲ್ಲಿ ಕ್ಲಾರಿನೆಟ್ ನಿಲ್ಲದಾಯಿತು. ಹೊಸ ಹಲ್ಲಿನ ಸೆಟ್ಟು ರೊಟ್ಟಿ ತಿನ್ನಲು ಸಾಕಾಗುತ್ತಿತ್ತು. ಕ್ಲಾರಿನೆಟ್ಟಿನ ತುದಿ ಕಚ್ಚಿ ಉಸಿರು ಬಿಟ್ಟರೆ ಮಾತ್ರ ಸೆಟ್ಟು ಅಲುಗಿ, ಸ್ವರ ಬರುವಲ್ಲಿ ಕುಕ್ಕರಿನ ಸೀಟಿ ಬರುತ್ತಿತ್ತು. ಮೂವತ್ತೊಂದು ವರ್ಷ ಹಾವೇರಿ ಸುತ್ತಮುತ್ತಲಿನ ಮದುವೆ ಮೆರವಣಿಗೆಗಳಲ್ಲಿ ಊದಿದ ಮನುಷ್ಯ ಬೇಸಿಗೆ ಪೂರ್ತಿ ಮನೆಯಲ್ಲಿ ಕೂತ.

ಕೂತವನನ್ನು ಎಬ್ಬಿಸಿದ್ದು ಬಾಬಾಜಾನ. ರಾಣೆಬೆನ್ನೂರಿನಲ್ಲಿ ಬ್ಯಾಂಡ್ ಕಂಪನಿ ನಡೆಸುವವನು. ಇಬ್ಬರೂ ಮೀಸೆ ಮೂಡುವ ಮೊದಲು ಒಬ್ಬನೇ ಉಸ್ತಾದನ ಹತ್ತಿರ ಕಲಿತವರು.

"ಭಾಯ್, ಗಾಡಿ ಮ್ಯಾಲೆ ಸ್ಪೀಕರ್ ಅದಾವು, ಜನರೇಟರ್ ಐತಿ. ನಿನಗ ಹಾರ್ಮೋನಿಯಂ ಬರ್ತೈತಿ. ಕೀಬೋರ್ಡ್ ಬಾರಿಸು ಬಾ. ಬ್ಯಾಡಗಿಯಾಗ ಮೆಣಸಿನಕಾಯಿ ವ್ಯಾಪಾರಿ ಮಗನ ಮದುವಿ ಐತಿ, ಇನ್ನ ಮೂರು ವಾರ ಟೈಮ್ ಐತಿ," ಎಂದ.

ಬಾಬಾಜಾನ ಕಳಿಸಿಕೊಟ್ಟ ಕೀಬೋರ್ಡಿನಲ್ಲಿ ಕ್ಲಾರಿನೆಟ್ ಎಂದು ಬರೆದ ಒಂದು ಗುಂಡಿಯೂ ಇತ್ತು. ಖಲಂದರ ಅದನ್ನು ಒತ್ತಿ ಒಂದು ಸ್ವರ ಹಿಡಿದ. ಬಾತುಕೋಳಿಯ ಕತ್ತು ಹಿಸುಕಿದ ಹಾಗಿತ್ತು. ಅವನು ಸ್ವಿಚ್ ಆರಿಸಿ ಕೀಬೋರ್ಡನ್ನು ಮಂಚದ ಕೆಳಗೆ ತಳ್ಳಿದ.

ಸುದ್ದಿ ಮಗಳು ಸಿಮ್ರಾನಳಿಗೆ ಹೋಯಿತು. ಅವಳು ರಾಣೆಬೆನ್ನೂರಿನ ಒಂದು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತ ಅಲ್ಲೇ ಗೆಳತಿಯರ ಜೊತೆ ಬಾಡಿಗೆಗೆ ಇದ್ದಳು. ಭಾನುವಾರ ಮನೆಗೆ ಬರುತ್ತಿದ್ದಳು. ಫೋನಿನಲ್ಲೇ ಪರಿಹಾರ ಹೇಳಿದಳು. "ಅಬ್ಬಾ, ನನ್ನ ಕಾಲೇಜಿನ ಲ್ಯಾಪ್‌ಟಾಪ್ ಐತಲ್ಲ, ಅದಕ್ಕ ಕೀಬೋರ್ಡ್ ಜೋಡಸ್ರಿ. ಕಂಪ್ಯೂಟರನ್ಯಾಗ ದನಿ ಹುಟ್ಟಿಸೋ ಸಾಫ್ಟ್‌ವೇರ್ ಇರ್ತಾವು, ಸಿಂಥ್ ಅಂತಾರ. ಬೇಕಾದ ವಾದ್ಯ ಮಾಡ್ಕೋಬೋದು. ಫುಕಟ್ ಸಿಗ್ತಾವು, ಒಂದ್ ರೂಪಾಯಿ ಕೊಡೋದಿಲ್ಲ."

ಫುಕಟ್ ಎಂಬ ಮಾತಿಗೆ ಖಲಂದರ ಬಿದ್ದ.

ಅವಳು ಕಳಿಸಿದ ಪುಟ ತೆರೆದರೆ ಅದರಲ್ಲಿ ಡೌನ್‌ಲೋಡ್ ಎಂದು ಬರೆದ ನಾಲ್ಕು ಗುಂಡಿಗಳಿದ್ದವು. ದೊಡ್ಡದೇ ಖರೇ ಇರಬೇಕೆಂದು ದೊಡ್ಡದನ್ನೇ ಒತ್ತಿದ. ಇಸ್ಪೀಟಿನ ಆಟವೊಂದು ಬಂದು ಕೂತಿತು. ಅದರ ಬೆನ್ನಿಗೆ ಕೆಂಪು ಪೆಟ್ಟಿಗೆಯೊಂದು ಎದ್ದು, ನಿಮ್ಮ ಕಂಪ್ಯೂಟರಿನಲ್ಲಿ ಇನ್ನೂರ ಹದಿನಾಲ್ಕು ವೈರಸ್ ಇವೆ ಎಂದು ಬಡಿದುಕೊಳ್ಳತೊಡಗಿತು. ಅವನು ಗಾಬರಿಯಾಗಿ ಪ್ಲಗ್ಗೇ ಕಿತ್ತ. ಬ್ಯಾಟರಿಯ ಮೇಲೆ ಅದು ಇನ್ನೂ ಬಡಿದುಕೊಳ್ಳುತ್ತಲೇ ಇತ್ತು.

"ಸಣ್ಣ ಅಕ್ಷರದ್ದು ಒತ್ತಬೇಕಿತ್ತು ಅಬ್ಬಾ," ಎಂದಳು ಸಿಮ್ರಾನ.

"ಖರೇದನ್ನ ಸಣ್ಣಕ ಬರದು, ಸುಳ್ಳನ್ನ ದೊಡ್ಡಕ ಬರದಾರಲ್ಲ, ಇದ್ಯಾವ ನ್ಯಾಯ?"

ಮರುದಿನ ಸಿಂಥ್ ಇಳಿಯಿತು. ಅದರ ಮೇಲೆ ಎರಡು ಸಲ ಒತ್ತಿದ, ನಾಲ್ಕು ಸಲ ಒತ್ತಿದ. ಏನೂ ತೆರೆಯಲಿಲ್ಲ. ಮತ್ತೆ ಫೋನು.

"ಅದು ಒಂದ ತೆರಿಯಂಗಿಲ್ಲ ಅಬ್ಬಾ. ಅದನ್ನ ಹೊಟ್ಟ್ಯಾಗ ಇಟ್ಕೊಂಡು ನಡಸಾಕ ಇನ್ನೊಂದು ದೊಡ್ಡ ಸಾಫ್ಟ್‌ವೇರ್ ಬೇಕು. ಅದೂ ಫುಕಟ್."

"ಇದನ್ನ ನಿನ್ನೆ ಹೇಳಾಕ ಏನಾಗಿತ್ತು ನಿನಗ?"

"ನೀವು ಕೇಳಲಿಲ್ಲ."

ಅದನ್ನೂ ಇಳಿಸಿದ. ಆ ದೊಡ್ಡದಕ್ಕೆ ಈ ಸಣ್ಣದು ಎಲ್ಲಿದೆಯೆಂದು ಗೊತ್ತಿರಲಿಲ್ಲ. ಗೊತ್ತು ಮಾಡಿಕೊಡಲು ಒಂದು ಮಧ್ಯಾಹ್ನ ಹೋಯಿತು. ಕೊನೆಗೂ ಪರದೆಯ ತುಂಬ ತಿರುಪು, ಗೆರೆ, ಬಣ್ಣದ ದೀಪಗಳ ಒಂದು ಫಲಕ ಎದ್ದು ನಿಂತಾಗ ಅವನು ಹೆಂಡತಿ ಗುಲಾಬಬಿಯನ್ನು ಕರೆದ. ಅವಳು ಹಿಟ್ಟಿನ ಕೈಯಲ್ಲೇ ಬಂದು ನಿಂತಳು. ಮಂಚದ ಕೆಳಗಿನಿಂದ ಎಳೆದು ಜೋಡಿಸಿದ್ದ ಕೀಬೋರ್ಡಿನಲ್ಲಿ ಖಲಂದರ ಸ್ವರ ಒತ್ತಿದ. ಸ್ವರ ಬರಲಿಲ್ಲ. ಅವನು ಕೈ ತೆಗೆದು ಅವಳ ಮುಖ ನೋಡಿದ ಮೇಲೆ ಬಂತು.

"ಬಂತಲ್ರಿ," ಎಂದಳು ಗುಲಾಬಬಿ.

"ಏನ್ ಬಂತು? ಬೀಗರು ಊಟ ಆದಮ್ಯಾಲೆ ಬಂದಂಗ ಬಂತು!"

ಊದುವವನಿಗೆ ಇದಕ್ಕಿಂತ ದೊಡ್ಡ ಅವಮಾನವಿಲ್ಲ. ನಾಲಿಗೆ ತಾಕಿದ ಕ್ಷಣಕ್ಕೆ ಸ್ವರ ಹುಟ್ಟಬೇಕು. ಇಲ್ಲಿ ಬೆರಳು ಒಂದು ಕಡೆ, ಸ್ವರ ಇನ್ನೊಂದು ಕಡೆ. ಯಂತ್ರ ಸ್ವರವನ್ನು ಎಷ್ಟು ಹೊತ್ತು ಹಿಡಿದಿಟ್ಟು ಬಿಡಬೇಕೆಂಬುದಕ್ಕೆ ಸಿಮ್ರಾನ ಹೇಳಿದ ಒಂದು ಅಂಕಿಯನ್ನು ಹುಡುಕಿ ಕಡಿಮೆ ಮಾಡಿದ. ಸ್ವರ ತಕ್ಷಣ ಬಂತು, ಆದರೆ ಒಗ್ಗರಣೆಗೆ ಸಾಸಿವೆ ಸಿಡಿದ ಹಾಗೆ ಚಟಪಟ ಎನ್ನುತ್ತ ಬಂತು. ಏರಿಸಿದರೆ ತಡ, ಇಳಿಸಿದರೆ ಸಾಸಿವೆ. ಏರಿಸಿ ಇಳಿಸಿ, ಇನ್ನೂ ಏನೋ ಒಂದು ಸಣ್ಣ ಸಾಫ್ಟ್‌ವೇರ್ ಹಾಕಿ, ಎರಡು ದಿನಕ್ಕೆ ಮಧ್ಯದ ಒಂದು ಅಂಕಿ ಸಿಕ್ಕಿತು.

ಆಮೇಲೆ ಸಿದ್ಧವಿದ್ದ ದನಿಗಳ ಪಟ್ಟಿ. ಆರುನೂರಕ್ಕೂ ಮೇಲಿದ್ದವು, ಎಲ್ಲದಕ್ಕೂ ಇಂಗ್ಲಿಷ್ ಹೆಸರು. ಖಲಂದರ ಒಂದು ನೋಟ್‌ಬುಕ್ ತೆಗೆದು, ಒಂದೊಂದನ್ನೂ ಒತ್ತಿ ಕೇಳಿ, ತನಗೆ ತಿಳಿಯುವ ಹೆಸರು ಬರೆಯುತ್ತ ಹೋದ: ಹಿಟ್ಟಿನ ಗಿರಣಿ. ಜ್ವರ ಬಂದ ಬೆಕ್ಕು. ಬೋರ್‌ವೆಲ್ ಲಾರಿ. ಸೊಳ್ಳೆ. ಮತ್ತೆ ಸೊಳ್ಳೆ. ಒಂದು ದನಿಗೆ ಅಡುಗೆಮನೆಯ ತಾಟುಗಳು ನಡುಗಿ, ಗುಲಾಬಬಿ ಓಡಿಹೋಗಿ ಮಿಕ್ಸರಿನ ಸ್ವಿಚ್ ಆರಿಸಿದಳು. ನೂರಾ ಎಂಬತ್ತು ದಾಟಿದರೂ ಮದುವೆಯ ಮನೆ ಮುಂದೆ ಬಾರಿಸಬಹುದಾದ ಒಂದು ದನಿಯೂ ಸಿಗಲಿಲ್ಲ.

"ಇದನ್ನ ಮಾಡಿದವರ ಮನ್ಯಾಗ ಮದುವಿ ಆಗಂಗಿಲ್ಲೇನ?" ಎಂದು ಪೆನ್ನು ಬಿಸಾಡಿದ.

ಭಾನುವಾರ ಸಿಮ್ರಾನ ಬಂದಳು. ಅವರ ಮನೆಯಲ್ಲಿ ಉರ್ದು, ಕನ್ನಡ ಎರಡೂ ಕಲಸಿಯೇ ಮಾತು. ಸಿಟ್ಟು ಬಂದರೆ ಬರೀ ಕನ್ನಡ. ಅವತ್ತು ಹತ್ತು ನಿಮಿಷದಲ್ಲಿ ಬರೀ ಕನ್ನಡ ಶುರುವಾಯಿತು. ಅವಳು ಮೊಬೈಲಿನಲ್ಲಿ ಕಲಿಸುವ ವಿಡಿಯೊ ಹಚ್ಚಿದ್ದಳು. ಅದರಲ್ಲಿದ್ದ ಹುಡುಗ ರೈಲು ತಪ್ಪೀತೆಂದು ಓಡುವವನ ಹಾಗೆ ಇಂಗ್ಲಿಷ್ ಮಾತಾಡುತ್ತಿದ್ದ.

"ಏನಂದ?"

"ಖಾಲಿ ದನಿಯಿಂದ ಶುರು ಮಾಡ್ರಿ ಅಂದ."

"ಈಗ ಏನಂದ?"

"ತಡೀರಿ, ಕೇಳಾಕತ್ತೇನಿ... ಅಬ್ಬಾ, ಅದನ್ನ ಮುಟ್ಟಬ್ಯಾಡ್ರಿ ಅಂದೆ!"

"ಮುಟ್ಟಲಾರದ ಹೆಂಗ ಕಲೀಬೇಕು? ಮಂತ್ರಾ ಹಾಕ್ಲ್ಯಾ?"

"ವಾರಕ್ಕೊಂದ ರಜಾ ನನಗ. ನಿಮಗ ಕಲಸೋದಕ್ಕಿಂತ ನೂರು ಮಂದಿ ರಕ್ತಾ ತೆಗಿಯೋದು ಹಗೂರ," ಎಂದು ಸಿಮ್ರಾನ ಎದ್ದು ತಾಯಿಯ ಹತ್ತಿರ ಅಡುಗೆಮನೆಗೆ ಹೋದಳು.

ಖಲಂದರ ಒಬ್ಬನೇ ಉಳಿದ. ಎದುರಿಗೆ ಖಾಲಿ ದನಿ ತೆರೆದಿತ್ತು. ಮೂಲೆಯಲ್ಲಿ ಸಣ್ಣ ಚಿತ್ರಗಳಿದ್ದವು: ಒಂದು ಗರಗಸದ ಹಲ್ಲಿನ ಹಾಗೆ, ಒಂದು ತ್ರಿಕೋನ, ಒಂದು ಚೌಕ. ಇದಕ್ಕಾದರೂ ಹಲ್ಲಿವೆಯಲ್ಲ ಎಂದುಕೊಂಡು ಗರಗಸ ಒತ್ತಿದ. ಹರಿತವಾಗಿ ಕಿವಿ ಕೊಯ್ಯಿತು. ತ್ರಿಕೋನ ಕೊಳಲಿನ ನೆರಳಿನ ಹಾಗೆ ಸಪ್ಪಗಿತ್ತು. ಚೌಕ ಒತ್ತಿ, ಹೇಗೂ ಆಗುವುದಿಲ್ಲವೆಂದು ಅಲಕ್ಷ್ಯದಿಂದ ಎಡಗಡೆಯ ಕೆಳಸ್ವರ ಹಿಡಿದ.

ಟೊಳ್ಳು ಮರದೊಳಗಿನಿಂದ ಬಂದ ದನಿ ಅದು. ಖಲಂದರನ ಬೆನ್ನು ನೆಟ್ಟಗಾಯಿತು. ಕ್ಲಾರಿನೆಟ್ಟಿನ ಕೆಳಗಿನ ಸ್ವರಗಳಲ್ಲಿ, ಕೊಳವೆಯ ತೂತುಗಳನ್ನೆಲ್ಲ ಮುಚ್ಚಿ ಮೆಲ್ಲಗೆ ಊದಿದಾಗ, ಗಂಟಲಿಗೂ ಕಟ್ಟಿಗೆಗೂ ನಡುವೆ ಹುಟ್ಟುವ ಆ ಗುಂಯ್ ಅವನಿಗೆ ಚೆನ್ನಾಗಿ ಗೊತ್ತಿತ್ತು. ಅದರ ಎಲುಬು ಇಲ್ಲಿತ್ತು. ಮಾಂಸವಿರಲಿಲ್ಲ, ಬಸ್ಸಿನ ಹಾರನ್ನಿನ ಹಾಗೆ ಒಂದೇ ಸಮ ನಿಂತಿತ್ತು. ಆದರೆ ಎಲುಬು ಅದೇ.

"ಸಿಮ್ರಾನ! ಲಗೂ ಬಾ ಇಲ್ಲಿ!"

ಅವಳು ಮುನಿಸಿನಲ್ಲೇ ಬಂದು ಬಾಗಿಲಲ್ಲಿ ನಿಂತಳು. ಈಗ ಅವನು ಹೇಳುವುದು, ಅವಳು ಹುಡುಕುವುದಾಯಿತು. "ಊದಿದ ಕೂಡ್ಲೆ ದನಿ ಪೂರ್ತಿ ಬರಂಗಿಲ್ಲ, ತುಸು ಏರಿ ಬರ್ತೈತಿ. ಹಂಗ ಏರಸೋದು ಯಾವ್ದು?" ಅವಳು ಒಂದು ತಿರುಪು ತೋರಿಸಿದಳು. ಅವನು ಕೂದಲೆಳೆಯಷ್ಟು ತಿರುಗಿಸಿದ. "ತುಟಿ ಸಂದ್ಯಾಗ ಗಾಳಿ ಸೋರ್ತೈತಿ, ಸುಸ್ ಅಂತ. ಅದು ಬೇಕು." ಬರೀ ಗಾಳಿಯ ದನಿ ಕೊಡುವ ಒಂದು ಕಡ್ಡಿ ಸಿಕ್ಕಿತು, ಅದನ್ನು ಒಂಚೂರು ಎತ್ತಿದರು. "ಜೋರು ಊದಿದ್ರ ದನಿ ಬಿಚ್ಚತೈತಿ, ಮೆಲ್ಲಕ ಊದಿದ್ರ ಮುಚ್ಚತೈತಿ." ಅದಕ್ಕೂ ಒಂದು ತಿರುಪಿತ್ತು, ಅದನ್ನು ಕೀಬೋರ್ಡಿನ ಎಡಗಡೆಯ ಗಾಲಿಗೆ ಕಟ್ಟಿದರು. ಗಾಲಿ ತಿರುಗಿಸುತ್ತ ಬಾರಿಸುವಾಗ ಖಲಂದರ ತನಗೆ ತಿಳಿಯದೆಯೇ ಗಲ್ಲ ಉಬ್ಬಿಸುತ್ತಿದ್ದ. ಸಿಮ್ರಾನ ಅದನ್ನು ನೋಡಿ ನಗಲಿಲ್ಲ, ಕಿಟಕಿಯ ಕಡೆ ತಿರುಗಿ ನಿಂತಳು.

ಮುಂದಿನ ವಾರ ರಾಣೆಬೆನ್ನೂರಿಗೆ ಹೋಗಿ ಬಾಬಾಜಾನನಿಗೆ ಕೇಳಿಸಿದರೆ, ಅವನು ಕಣ್ಣು ಮುಚ್ಚಿ ಕೇಳಿ, "ಆಗಬೋದು. ನಿಂದ ದನಿ ಅಂತ ಆಣಿ ಮಾಡಿ ಹೇಳಾಕಾಗಂಗಿಲ್ಲ. ಆದ್ರ ಆಗಬೋದು," ಎಂದ. ಅಷ್ಟಕ್ಕೇ ಖಲಂದರನ ಮೂಗಿನ ತುದಿ ಕೆಂಪಾಯಿತು. ಹದಿನೈದು ದಿನ ಜೀವ ತೇಯ್ದದ್ದು ಆಗಬೋದು ಅನ್ನಿಸಿಕೊಳ್ಳಲಿಕ್ಕೋ?

ಬ್ಯಾಡಗಿಯ ಮದುವೆ ಶುಕ್ರವಾರ. ಬೆಳಗಿನ ಹತ್ತೂವರೆಗೆ ವರನ ಮೆರವಣಿಗೆ ಮನೆ ಬಿಟ್ಟಿತು. ಬ್ಯಾಂಡಿನ ಗಾಡಿಯ ಮೇಲೆ ಖಲಂದರ ಕೂತಿದ್ದ. ತೊಡೆಯ ಹತ್ತಿರ ಲ್ಯಾಪ್‌ಟಾಪು, ಮೇಲೆ ಸುಡುವ ಬಿಸಿಲು, ಗಾಳಿಯಲ್ಲಿ ಮೆಣಸಿನಕಾಯಿ ಘಾಟು. ಮೊದಲಿನ ಎರಡು ಹಾಡು ಚೆನ್ನಾಗಿಯೇ ಹೋದವು. ಮೂರನೆಯದರ ನಡುವೆ ಸಾಸಿವೆ ಸಿಡಿಯತೊಡಗಿತು. ಲ್ಯಾಪ್‌ಟಾಪ್ ಕಾದ ಹಂಚಾಗಿತ್ತು. ಸ್ವರ ತುಂಡುತುಂಡಾಗಿ ಉದುರುತ್ತಿತ್ತು. ಡ್ರಮ್ಮಿನವರು ತಿರುಗಿ ನೋಡಿದರು. ಮುಂದೆ ನಡೆಯುತ್ತಿದ್ದ ಬಾಬಾಜಾನ ಕಣ್ಣಲ್ಲೇ ಬೈದ.

ಖಲಂದರ ಟವೆಲಿನಿಂದ ಗಾಳಿ ಹಾಕಿದ. ಅಂಕಿ ಏರಿಸಿದ, ಸ್ವರ ಹಿಂದೆ ಬಿತ್ತು. ಇಳಿಸಿದ, ಮತ್ತೆ ಚಟಪಟ. ಇದನ್ನು ಎತ್ತಿ ಗಟಾರಕ್ಕೆ ಒಗೆದು ಇಳಿದು ಹೋಗಿಬಿಡಬೇಕೆನ್ನಿಸಿತು. ಹಾಗೆ ಎತ್ತಲು ಬಾಗಿದಾಗಲೇ ಫಲಕದ ಮೂಲೆಯಲ್ಲಿ ಹದಿನಾರು ಎಂಬ ಅಂಕಿ ಕಂಡಿದ್ದು. ಒಟ್ಟಿಗೆ ಎಷ್ಟು ಸ್ವರ ಬರಬಹುದು ಎಂಬುದರ ಲೆಕ್ಕ ಅದೆಂದು ಸಿಮ್ರಾನ ಹೇಳಿದ್ದಳು. ಒಬ್ಬ ಮನುಷ್ಯ ಊದುವ ವಾದ್ಯಕ್ಕೆ ಹದಿನಾರು ಬಾಯಿ ಇಟ್ಟಿದ್ದಾರಲ್ಲ! ಯಂತ್ರ ಬಳಲದೆ ಏನಾದೀತು? ಸಿಟ್ಟಿನಲ್ಲೇ ಅದನ್ನು ಒಂದಕ್ಕೆ ಇಳಿಸಿದ. ಅವಸರದಲ್ಲಿ ಬೆರಳು ಜಾರಿ ಪಕ್ಕದ ಇನ್ನೊಂದು ಗುಂಡಿಯೂ ಒತ್ತಿಹೋಯಿತು.

ಚಟಪಟ ನಿಂತಿತು. ಅಷ್ಟೇ ಅಲ್ಲ, ಒಂದು ಸ್ವರ ಹಿಡಿದುಕೊಂಡೇ ಇನ್ನೊಂದನ್ನು ಒತ್ತಿದರೆ ಮೊದಲಿನದು ಬಿಟ್ಟುಹೋಗದೆ ಅದೇ ಉಸಿರಿನಲ್ಲಿ ಜಾರಿ ಎರಡನೆಯದಕ್ಕೆ ಏರಿತು. ಖಲಂದರ ನಂಬದೆ ಮತ್ತೊಮ್ಮೆ ಒತ್ತಿದ. ಮತ್ತೆ ಜಾರಿತು. ಅವನ ತುಟಿ ಮೊದಲು ಮಾಡುತ್ತಿದ್ದ ಕೆಲಸ ಅದು. ಹಾಡು ಬಿಟ್ಟು ಅವನು ಸುಮ್ಮನೆ ಸ್ವರ ಎಳೆಯುತ್ತ ಹೋದ. ಡ್ರಮ್ಮಿನವರು ಒಂದು ಗಳಿಗೆ ತಡವರಿಸಿ, ಆಮೇಲೆ ಅವನ ಹಿಂದೆ ಬಂದರು. ಬಾಬಾಜಾನ ನಿಂತೇಬಿಟ್ಟ.

ವರನ ಅಜ್ಜಿ ಭರಮವ್ವ ಸೊಸೆಯ ಕೈ ಹಿಡಿದು ಗಾಡಿಯ ಪಕ್ಕದಲ್ಲಿ ನಡೆಯುತ್ತಿದ್ದಳು. ತಲೆಯೆತ್ತಿ ಗಾಡಿಯನ್ನೆಲ್ಲ ಹುಡುಕಿದಳು.

"ಯಪ್ಪಾ, ಪೀಪಿ ಊದಾಂವ ಎಲ್ಲದಾನೋ? ಕಾಣವಲ್ಲ."

"ನಾನ ಬೇ ಅವ್ವಾ," ಎಂದ ಖಲಂದರ.

"ನಿನ್ನ ಕೈಯಾಗ ಪೀಪಿನ ಇಲ್ಲಲ್ಲೋ!"

ಖಲಂದರ ಮೆಣಸಿನಕಾಯಿ ಘಾಟೆಂದು ಕೆಮ್ಮಿ ಕಣ್ಣೊರೆಸಿಕೊಂಡ.

ಮರುದಿನ ಬೆಳಿಗ್ಗೆ ಹಾವೇರಿಯ ಮನೆಯಲ್ಲಿ ಚಹಾ ಕುಡಿಯುತ್ತ ಇದನ್ನೆಲ್ಲ ಮಗಳಿಗೆ ಫೋನಿನಲ್ಲಿ ಹೇಳಿದ. ಅವಳು ಖುಷಿಯಿಂದ ಕೇಳಿದಳು. ಆಮೇಲೆ, "ಅಬ್ಬಾ, ಭಾನುವಾರದ ದನಿ ನಾನ ಸೇವ್ ಮಾಡಿದ್ದೆ. ಅಲ್ಲಿ ಬದಲಿ ಮಾಡಿದ್ದನ್ನ ನೀವು ಸೇವ್ ಮಾಡೀರೋ ಇಲ್ಲೋ?" ಎಂದಳು.

"ಸೇವ್ ಅಂದ್ರ?"

"ಮೊದಲ ತೆರದು ನೋಡ್ರಿ ಅಬ್ಬಾ."

ಅವನು ಚಹಾದ ಕಪ್ಪನ್ನು ಅಲ್ಲೇ ಇಟ್ಟು ಲ್ಯಾಪ್‌ಟಾಪ್ ತೆರೆದ. ಮೂಲೆಯಲ್ಲಿ ಹದಿನಾರು ಕೂತಿತ್ತು. ಗುಲಾಬಬಿ ಕಿವಿ ಮುಚ್ಚಿಕೊಳ್ಳುವಂಥ ನಾಲ್ಕು ಮಾತು ಅವನ ಬಾಯಿಂದ ಬಂದವು. ಒಂದಕ್ಕೆ ಇಳಿಸುವುದು ಗೊತ್ತಿತ್ತು. ಪಕ್ಕದ ಗುಂಡಿ ಯಾವುದು? ಅಲ್ಲಿ ಒಂಬತ್ತು ಇದ್ದವು. ಒಂದೊಂದನ್ನೇ ಒತ್ತಿ, ಸ್ವರ ಎಳೆದು, ಅಲ್ಲವೆಂದು ಬೈದು ಮುಂದಕ್ಕೆ ಹೋದ. ಏಳನೆಯದಕ್ಕೆ ಸ್ವರ ಜಾರಿತು.

"ಫೋನ್ ಇಡಬ್ಯಾಡ ನೀ. ಸೇವ್ ಮಾಡೋದು ಈಗ ಹೇಳು. ಸಣ್ಣ ಅಕ್ಷರದ್ದೋ ದೊಡ್ಡದೋ?"

"ಅಬ್ಬಾ, ಡ್ಯೂಟಿಗೆ ಹೊತ್ತಾಗೈತಿ..."

"ಆಗಲಿ. ನಾ ಹದಿನೈದು ದಿನ ಕುಂತೇನಿ, ನೀ ಎರಡು ನಿಮಿಷ ನಿಂದ್ರು."

ಅವಳು ನಿಂತು ಹೇಳಿದಳು. ಹೆಸರು ಕೇಳುವ ಪೆಟ್ಟಿಗೆ ತೆರೆಯಿತು. ಖಲಂದರ ಒಂದೇ ಬೆರಳಿನಿಂದ ಅಕ್ಷರ ಹುಡುಕಿ ತನ್ನ ಹೆಸರು ಬರೆದು, ಮುಂದೆ ಒಂದು ಎಂದು ಹಾಕಿದ.

"ಒಂದು ಯಾಕ?"

"ಮ್ಯಾಲಿನ ಸ್ವರ ಇನ್ನೂ ನೆಟ್ಟಗ ಬರವಲ್ವು. ಎರಡನೇದು ಮಾಡಬೇಕು. ಈ ಹಾಳಾದ್ದು ನನ್ನ ಜೀವಾ ತಿಂದ ಮಾಡಸ್ಕೋತೈತಿ, ಸುಮ್ನ ಬಿಡಂಗಿಲ್ಲ."

ಫೋನು ಇಟ್ಟ ಮೇಲೆ, ನಂಬಿಕೆ ಸಾಲದೆ, ಅದನ್ನೇ ಮತ್ತೆರಡು ಸಲ ಸೇವ್ ಮಾಡಿದ.